ಮೂರು ಅಂದಾಗ ಮುಚ್ಚಿದ ಕಣ್ಣು

ವಾಡಿ ಜಂಕ್ಷನ್
೧೨ ಜೂನ್ ೧೯೮೬

ಮೈ ಡಿಯರ್ ಮೌಲಾಲಿಗೆ, ಸ್ಟೇಷನ್ ರಸ್ತೆ ಫೋಟೋ ಸ್ಟುಡಿಯೋದ ಗುರುಲಿಂಗಯ್ಯನ ಶರಣು, ಸಲಾಮು ಎರಡೂ.

ಬಿಸಿನೆಸ್ ಪತ್ರವನ್ನು 'ವಿತ್ ರೆಫರೆನ್ಸ್ ಟು' ಅಂತ ಶುರು ಮಾಡಬೇಕೆಂದು ಗುಲ್ಬರ್ಗಾ ಕಾಲೇಜಿನಲ್ಲಿ ಕಲಿಸಿದ್ದರು. ಆದರೆ ಯಾವುದರ ರೆಫರೆನ್ಸ್ ಕೊಡಲಿ? ನೀನು ನಮ್ಮ ಸ್ಟುಡಿಯೋದ ಕೆಲಸ ಬಿಟ್ಟು, ಬಣ್ಣದ ಡಬ್ಬಿ ಬಗಲಲ್ಲಿ ಹಿಡಿದು ಸೇಡಂ ಪ್ಯಾಸೆಂಜರ್ ಹತ್ತಿದ ಮೇಲೆ ನಮ್ಮಿಬ್ಬರ ನಡುವೆ ಒಂದು ಕಾರ್ಡೂ ಓಡಾಡಿಲ್ಲ. ನೀನು ಚಿಂಚೋಳಿಯಲ್ಲಿ ಅಂಗಡಿ ಬೋರ್ಡು, ಲಾರಿ ನಂಬರು ಬರೆಯುತ್ತೀ ಎಂದು ಡ್ರೈವರ್ ಅಂಬರಾಯ ಹೇಳಿದ. ಅವನ ಲಾರಿಯ ಹಿಂದೆ ಬರೆದ ನವಿಲು ನೋಡಿದೆ. ನಿನ್ನದೇ ಕೈ ಎಂದು ಕುತ್ತಿಗೆಯ ನೀಲಿಯಲ್ಲೇ ಗೊತ್ತಾಯಿತು.

ಸುದ್ದಿ ಏನೆಂದರೆ ವಾಡಿಗೆ ವಿಡಿಯೋ ಬಂದಿದೆ. ಶಹಾಬಾದದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಖಾಜಾ ನೆನಪಿದ್ದಾನಲ್ಲ, ಅವನೇ ತಂದಿದ್ದಾನೆ. ಹೆಗಲ ಮೇಲೆ ಕ್ಯಾಮೆರಾ, ಬಗಲಿಗೆ ಜೋತುಬಿದ್ದ ಮಿಷನ್ನು, ಹಿಂದೆ ಲೈಟು ಹಿಡಿದು ನಿಲ್ಲಲು ಒಬ್ಬ. ಆ ಲೈಟಿನಲ್ಲಿ ಮದುಮಗಳ ಕೆನ್ನೆಯ ಅರಿಶಿನವೂ ಬೆಳ್ಳಗೆ ಕಾಣುತ್ತದೆ. ಮೊನ್ನೆ ಅಂಗಡಿಗೆ ಬಂದು ಕುಂತು ಹೇಳಿದ: "ಅಯ್ಯನೋರೆ, ನಿಮ್ಮ ಫೋಟೋ ಅಂದ್ರ ನಿಂತ ನೀರು, ನಮ್ದು ಹರಿಯೂ ನೀರು. ಇನ್ನ ಕ್ಯಾಮೆರಾ ಡಬ್ಬಿ ಮುಚ್ಚಿ ನೆಟ್ಟಗ ಕುಂದ್ರಿ."

"ತಮ್ಮಾ, ಈ ಡಬ್ಬಿ ಒಳಗ ಬಗ್ಗಿ ನೋಡಿ ನೋಡಿ ನೆಟ್ಟಗ ಕುಂದ್ರೂದ ಮರ್ತೀನಿ" ಅಂದೆ. ಅವನು ನಕ್ಕ. ನಾನೂ ನಕ್ಕೆ. ಅವನು ಹೋದ ಮೇಲೆ ಯಾರೂ ನಗಲಿಲ್ಲ.

ಆದರೆ ನನಗೊಂದು ಪಾಲಿಸಿ ಹೊಳೆದಿದೆ. ನೆಸೆಸಿಟಿ ಈಸ್ ದಿ ಮದರ್ ಆಫ್ — ಯಾವುದರ ತಾಯಿ, ಮರೆತೆ. ಇರಲಿ. ಖಾಜಾನ ಕ್ಯಾಸೆಟ್ ನೋಡಬೇಕಾದರೆ ಟೀವಿ ಬೇಕು, ವಿ.ಸಿ.ಆರ್ ಬೇಕು, ಕರೆಂಟು ಬೇಕು. ಫೋಟೋ ನೋಡಲು ಒಂದು ಮೊಳೆ ಸಾಕು. ಆದ್ದರಿಂದ ಅವನ ಜೊತೆ ಜಗಳ ಬೇಡ. ಮದುವೆ ಪೂರ್ತಿ ಅವನು ಹಿಡಿಯಲಿ. ಅಕ್ಕಿಕಾಳು ಬೀಳುವ ಹೊತ್ತು, ಹೆಣ್ಣು ಒಪ್ಪಿಸುವ ಹೊತ್ತು, ಗಂಡ ಹೆಂಡತಿ ಮೊದಲ ಸಲ ಜೋಡಿಯಾಗಿ ಕುಂತ ಹೊತ್ತು, ಅಂದರೆ ಗೋಡೆಗೆ ಹೋಗುವಂಥದ್ದು ಮಾತ್ರ ನಾವು ತೆಗೆಯೋಣ. ಕಡಿಮೆ ತೆಗೆಯೋಣ, ದೊಡ್ಡದು ಮಾಡೋಣ, ಕೈಬಣ್ಣ ಹಾಕಿ ಕಟ್ಟು ಹಾಕಿಸಿ ಕೊಡೋಣ. ಸಿಮೆಂಟ್ ಫ್ಯಾಕ್ಟರಿ ಕ್ವಾರ್ಟರ್ಸಿನವರು ಲ್ಯಾಬಿನ ಕಲರ್ ಫೋಟೋ ಹಿಡಿದುಕೊಂಡು ಬರುತ್ತಿದ್ದಾರೆ, ನಾಲ್ಕು ಬೇಸಿಗೆಗೆ ಎಲ್ಲರ ಮುಖವೂ ಜ್ವರ ಬಂದಂತೆ ಕೆಂಪಾಗಿದೆ. ನೀನು ಬಣ್ಣ ಹಾಕಿದ್ದು ಇದ್ದಂತೆಯೇ ಇದೆ. 'ಕಲರ್ ಫಿಲ್ಮು ಬಂದ ಮೇಲೆ ಕುಂಚ ಯಾತಕ್ಕ' ಎಂದು ನಾನು ಒಮ್ಮೆ ಅಂದಿದ್ದೆ. ಅಂದ ಮಾತಿಗೆ ಕಟ್ಟು ಹಾಕಿಸಿ ಇಟ್ಟುಕೊಳ್ಳಬಾರದು ಮೌಲಾಲಿ.

ಇನ್ನೊಂದು. ಯುಗಾದಿಯ ಹಿಂದಿನ ವಾರ ನಿನ್ನ ವೈನಿ ಶರಣಬಸಮ್ಮ ಹೋದಳು. ನಿನಗೆ ಸುದ್ದಿ ಮುಟ್ಟಿರಬಹುದು.

ನಮ್ಮಲ್ಲಿ ಹೇಗೆಂದು ನಿನಗೆ ಗೊತ್ತೇ ಇದೆ. ಹೋದವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿ, ಮನೆಯವರೆಲ್ಲ ಸುತ್ತ ಕುಂತು ಒಂದು ಫೋಟೋ ತೆಗೆಸುವುದು. ವಾಡಿಯಲ್ಲಿ ಅಂಥ ಫೋಟೋ ತೆಗೆಯುವವನು ನಾನೊಬ್ಬನೇ. ಆದ್ದರಿಂದ ಅವಳದನ್ನೂ ನಾನೇ ತೆಗೆದೆ. ಎಲ್ಲರ ಮನೆಯಲ್ಲಿ ಗಂಡ ಪಕ್ಕಕ್ಕೆ ಕೂರುತ್ತಾನೆ. ಇದರಲ್ಲಿ ಆ ಜಾಗ ಖಾಲಿ ಇದೆ.

ಅವಳು ಹೋಗಿ ವರ್ಷ ತುಂಬಿದಾಗ ಮಾಡುವ ಗಣಾರಾಧನೆಗೆ ಅವಳ ಫೋಟೋ ಇಡಬೇಕು. ನನ್ನ ಹತ್ತಿರ ಇರುವುದು ಇದೊಂದೇ. ಬೇರೆಯವರು ನಂಬುವುದಿಲ್ಲ, ನೀನು ನಂಬುತ್ತೀ. ರೋಲಿನಲ್ಲಿ ಕೊನೆಯ ಒಂದು ಫ್ರೇಮು ಉಳಿದರೆ ಅವಳನ್ನು ಕರೆದು ಸ್ಟೂಲಿನ ಮೇಲೆ ಕೂರಿಸುತ್ತಿದ್ದೆ. ನಾನು 'ಮೂರು' ಎನ್ನುವುದೇ ತಡ, ಕಣ್ಣು ಮುಚ್ಚುತ್ತಿದ್ದಳು. ಪ್ರತಿ ಸಲವೂ. ಕಣ್ಣು ಮುಚ್ಚಿದರೆ ಫೇಲು, ಫೇಲಾದದ್ದು ಬುಟ್ಟಿಗೆ. ಅಂಗಡಿಯ ರೂಲು ಅದು.

ಸತ್ತವರ ಫೋಟೋದಲ್ಲಿ ಕುಂಚದಿಂದ ಕಣ್ಣು ತೆರೆಸುವುದು ಈ ನಾಲ್ಕು ತಾಲ್ಲೂಕಿನಲ್ಲಿ ನಿನಗೆ ಮಾತ್ರ ಬರುತ್ತದೆ. ಎಷ್ಟೋ ಮನೆಯವರಿಗೆ ತೆರೆಸಿಕೊಟ್ಟಿದ್ದೀ. ಅವಳ ಕಣ್ಣು ತೆರೆಸಿಕೊಡು.

ಯುವರ್ಸ್ ಫೇತ್‌ಫುಲಿ,
ಗುರುಲಿಂಗಯ್ಯ


ಚಿಂಚೋಳಿ
೨ ಜುಲೈ ೧೯೮೬

ಅಯ್ಯನವರಿಗೆ ಮೌಲಾಲಿಯ ಸಲಾಮು.

ನಾನು ಬೋರ್ಡು ಬರೆಯುವವನು, ಪತ್ರ ಬರೆದು ರೂಢಿ ಇಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಬೇಕು.

ವೈನಿ ಹೋದ ಸುದ್ದಿ ಸೇಡಂ ಸಂತೆಯಲ್ಲಿ ಗೊತ್ತಾಗಿತ್ತು. ವಾಡಿಗೆ ಬರಬೇಕೆಂದು ಸ್ಟೇಷನ್ನಿನ ತನಕ ಹೋಗಿದ್ದೆ. ರೈಲು ಬಂತು. ನಾನು ಬೆಂಚಿನ ಮೇಲೇ ಕುಂತಿದ್ದೆ. ಮನೆಯಲ್ಲಿ ರಶೀದಾಬೇಗಂ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. "ನಿಮ್ಮಿಬ್ಬರ ಜಗಳದಾಗ ನಮ್ಮ ಶರಣಕ್ಕಗ ಮಣ್ಣು ಹಾಕಲಿಕ್ಕೂ ನಾ ಹೋಗದಂಗಾತು" ಅಂದಳು.

ಬಿಸಿನೆಸ್ ಮಾತು ಆಮೇಲೆ ನೋಡೋಣ. ಫೋಟೋ ಕಳಿಸಿ, ಪ್ರಯತ್ನ ಮಾಡುತ್ತೇನೆ. ಸಣ್ಣ ಕುಂಚ ಹಿಡಿದು ಬಹಳ ದಿನವಾಯಿತು, 'ಹಾರ್ನ್ ಪ್ಲೀಸ್' ಬರೆಯುವ ಕುಂಚವೇ ಬೇರೆ. ನನ್ನ ಕೆಲಸದ ರೀತಿ ನಿಮಗೆ ಗೊತ್ತಿದೆ. ಬರೀ ಮನಸ್ಸಿನಿಂದ ಕಣ್ಣು ಬರೆಯಲು ಬರುವುದಿಲ್ಲ. ರಕ್ತಸಂಬಂಧದವರ ಕಣ್ಣು ಬೇಕು. ಮಗನದೋ, ತಂಗಿಯದೋ ಫೋಟೋ ಎದುರಿಗಿಟ್ಟುಕೊಂಡು ಅದನ್ನು ಕಡ ತರಬೇಕು. ನಿಮಗೆ ಮಕ್ಕಳಿಲ್ಲ. ವೈನಿಗೆ ಮಳಖೇಡದಲ್ಲಿ ಒಬ್ಬ ತಂಗಿ ಇದ್ದಾರಲ್ಲ?

ಇದಲ್ಲದೆ ನೀವು ಬರೆದು ತಿಳಿಸಬೇಕು. ವೈನಿಯ ಕಣ್ಣು ಕರಿ ಇತ್ತೋ, ಬೆಲ್ಲದ ಬಣ್ಣದ್ದೋ? ಎರಡೂ ಸರಿಸಮವೋ, ಒಂದು ರೆಪ್ಪೆ ಭಾರವೋ? ನಿಮ್ಮನ್ನು ನೋಡುವಾಗ ಹೇಗೆ ನೋಡುತ್ತಿದ್ದರು? ನಾನು ಅವರ ಎದುರು ತಲೆ ಬಗ್ಗಿಸಿ ಚಾ ಕುಡಿದವನು, ಮುಖ ಎತ್ತಿ ನೋಡಿದವನಲ್ಲ.

ಮೌಲಾಲಿ


ವಾಡಿ
೨೦ ಜುಲೈ ೧೯೮೬

ಮೈ ಡಿಯರ್ ಮೌಲಾಲಿ,

ಫೋಟೋ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ.

ನಿನ್ನ ಪ್ರಶ್ನೆಗಳಿಗೆ ಉತ್ತರ ಬರೆಯಲು ಕುಂತವನು ಎದ್ದು ಹೋಗಿ ಪಂಪಿನಿಂದ ನೀರು ತಂದೆ, ಅಂಗಡಿಯ ಪರ್ಸಿಕಲ್ಲಿನ ನೆಲ ಒರೆಸಿದೆ, ಲೆನ್ಸಿನ ಸಿಮೆಂಟ್ ಧೂಳು ಒರೆಸಿದೆ, ಮತ್ತೆ ಬಂದು ಕುಂತೆ. ಕೋಶ್ಚನ್ ನಂಬರ್ ಒನ್‌ಗೇ ಉತ್ತರ ಹೊಳೆಯುತ್ತಿಲ್ಲ.

ಸ್ಟೇಷನ್ ಮಾಸ್ತರರ ಹೆಂಡತಿಯ ಎಡಗಣ್ಣು ಸಣ್ಣದು, ಅವರನ್ನು ಬಲಕ್ಕೆ ತಿರುಗಿಸಿ ಕೂರಿಸಬೇಕು. ಪೋಸ್ಟ್‌ಮ್ಯಾನ್ ರೇವಣಸಿದ್ದಯ್ಯನಿಗೆ ಮೆಳ್ಳೆಗಣ್ಣು, ಕನ್ನಡಕ ಹಾಕಿಸಬೇಕು. ಇದೆಲ್ಲ ಬಾಯಿಪಾಠ ಇದೆ. ಇವಳದು? ನಮ್ಮ ಯಾಶಿಕಾ ಕ್ಯಾಮೆರಾದಲ್ಲಿ ಮೇಲಿನಿಂದ ಬಗ್ಗಿ ನೋಡಿದರೆ ಎಡದ್ದು ಬಲಕ್ಕೆ ಕಾಣುತ್ತದಲ್ಲ, ಅವಳ ಕೆನ್ನೆಯ ಮಚ್ಚೆ ಎಡಕ್ಕೋ ಬಲಕ್ಕೋ ಎಂದು ಈಗ ಗೊಂದಲವಾಗಿದೆ. ಸತ್ತ ಮೇಲೆ ತೆಗೆದ ಫೋಟೋದಲ್ಲಿ ವಿಭೂತಿ ಹತ್ತಿ ಮಚ್ಚೆಯೂ ಮುಚ್ಚಿದೆ.

ಬೇರೆ ಬೇಕಾದರೆ ಕೇಳು, ಹೇಳುತ್ತೇನೆ. ರೊಟ್ಟಿ ಬಡಿಯುವ ಸಪ್ಪಳದ ತಾಳ ಹೇಳುತ್ತೇನೆ. ನಾನು ಡಾರ್ಕ್‌ರೂಮಿನಲ್ಲಿದ್ದಾಗ ಬಾಗಿಲ ಹೊರಗೆ ನಿಂತು, "ಬೆಳಕು ಒಳಗ ಬರಂಗಿಲ್ಲ, ಮಾತು ಬರಬೌದೇನ್ರಿ?" ಎಂದು ಕೇಳುತ್ತಿದ್ದಳು. ಹಾಗೆ ಕೇಳಿ, ಸಂತೆಯ ಸುದ್ದಿಯೆಲ್ಲ ಬಾಗಿಲಿಗೇ ಹೇಳಿ ಹೋಗುತ್ತಿದ್ದಳು. ಕತ್ತಲಲ್ಲಿ ಕೆಂಪು ಬಲ್ಬಿನ ಕೆಳಗೆ ನಾನು ಮಂದಿಯ ಮುಖ ತೊಳೆಯುತ್ತ ಅವಳ ದನಿ ಕೇಳುತ್ತಿದ್ದೆ. ಅವಳನ್ನು ನಾನು ಹೆಚ್ಚು ಕೇಳಿದ್ದೇನೆ, ಕಡಿಮೆ ನೋಡಿದ್ದೇನೆ ಅಂತ ಕಾಣುತ್ತದೆ.

ಕಣ್ಣು ಕರಿ ಇರಬೇಕು. ಕರಿ ಅಂತ ಬರೆದುಕೋ. ಇಲ್ಲ, ತಡಿ. ಮಳಖೇಡಕ್ಕೆ ಹೋಗಿ ಬಂದು ಬರೆಯುತ್ತೇನೆ.

ಯುವರ್ಸ್ ಫೇತ್‌ಫುಲಿಯೋ ಸಿನ್ಸಿಯರ್ಲಿಯೋ, ಯಾವುದು ಯಾರಿಗೆ ಎಂಬುದು ನೆನಪಿಲ್ಲ.
ಗುರುಲಿಂಗಯ್ಯ


ವಾಡಿ
೨೮ ಆಗಸ್ಟ್ ೧೯೮೬

ಮೌಲಾಲಿ,

ಕಾಗಿಣಾ ಹೊಳೆ ತುಂಬಿತ್ತು, ಅದಕ್ಕೆ ತಡವಾಯಿತು. ನೆರೆ ಇಳಿದ ಮೇಲೆ ಪ್ಯಾಸೆಂಜರಿನಲ್ಲಿ ಮಳಖೇಡಕ್ಕೆ ಹೋದೆ.

ತಂಗಿ ಮಹಾದೇವಮ್ಮ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನನ್ನ ಹೆಗಲ ಮೇಲಿನ ಕ್ಯಾಮೆರಾ ಚೀಲ ನೋಡಿ, "ಬರ್ರಿ ಮಾಮಾ, ಕುಂದ್ರಿ. ಯಾರ್ ಸತ್ತಾರ್ರಿ ನಮ್ಮೂರಾಗ?" ಅಂದಳು. ನಾನು ಅಂಥ ಕೆಲಸಕ್ಕಲ್ಲದೆ ಆ ಊರಿಗೆ ಹೋಗುವವನಲ್ಲ ಎಂದು ಅವಳ ಲೆಕ್ಕ. ವಿಷಯ ಹೇಳಿದೆ. ಮೊರ ಕೆಳಗಿಟ್ಟಳು.

"ಊರ ಮಂದಿನೆಲ್ಲ ಗ್ವಾಡಿಗಿ ಹಚ್ಚೀರಿ. ನಮ್ಮಕ್ಕಗ ಒಂದ್ ಮೊಳಿ ಸಿಗಲಿಲ್ಲೇನ್ರಿ?"

"ಹಂಗಲ್ಲವ್ವ. ಆಕಿ ಕಣ್ಣು ಮುಚ್ಚತಿದ್ಳು. ಫೋಟೋ ಫೇಲ್ ಆಗ್ತಿತ್ತು."

"ಮುಚ್ಚಿದ್ರ ಏನಾತು? ಮಲಗಿದ್ ಕೂಸಿನ ಮಾರಿ ಮಂದಿ ನೋಡಂಗಿಲ್ಲೇನು?"

ಅವಳ ಗಂಡ ಸೂಗಪ್ಪ ನಡುವೆ ಬಂದು, "ಏ, ಮನಿಗಿ ಬಂದವ್ರಿಗಿ ಚಾ ಕೊಡದು ಬಿಟ್ಟು ಪಂಚಾಯ್ತಿ ಹಚ್ಚಿದೆಲ್ಲ" ಎಂದ. ಚಾ ಬಂತು. ಆಮೇಲೆ ಅವಳೇ ಸೆರಗು ಸರಿ ಮಾಡಿಕೊಂಡು ಬಾಗಿಲ ಬೆಳಕಿಗೆ ಬಂದು ಕುಂತಳು.

"ಹಿಡೀರಿ. ನನ್ ಕಣ್ಣು ತಗೊಂಡ್ ಹೋಗ್ರಿ."

"ಸ್ವಲ್ಪ ನಗಬೇಕವ್ವ."

"ನಗಿ ಬರಂಗಿಲ್ಲ. ಹಿಂಗೇ ಹಿಡೀರಿ."

ಒಂದು, ಎರಡು, ಮೂರು ಅಂದೆ. ಅವಳ ರೆಪ್ಪೆ ಅಲುಗಲಿಲ್ಲ. ಬಹಳ ಕ್ಲಿಯರ್ ಬಂದಿದೆ. ಪ್ರಿಂಟು ಇದರ ಜೊತೆಗಿದೆ. ಕಣ್ಣಿನ ಬಣ್ಣ ಬೆಲ್ಲದ್ದು, ಹೊಸ ಬೆಲ್ಲ. ಅಕ್ಕನದೂ ಹೀಗೇ ಇತ್ತೇ ಎಂದು ಕೇಳಿದೆ. ಅವಳು ನನ್ನನ್ನೇ ನೋಡಿದಳು. "ಅದು ನೀವ್ ಹೇಳ್ಬೇಕ್ರಿ ಮಾಮಾ" ಅಂದಳು. ಆ ಮಾತು ಸಿಟ್ಟಿನದಲ್ಲ. ಸಿಟ್ಟಿನದಾಗಿದ್ದರೆ ಚಲೋ ಇತ್ತು.

ಈ ಪ್ರಿಂಟು ಇಟ್ಟುಕೊಂಡು ಕೆಲಸ ಶುರು ಮಾಡು. ಅವಸರ ಇಲ್ಲ. ಆದರೆ ಬೇಗ ಮಾಡು.

ಗುರುಲಿಂಗಯ್ಯ


ವಾಡಿ
೩೦ ನವೆಂಬರ್ ೧೯೮೬

ಮೌಲಾಲಿಗೆ,

ದಸರೆಗೆ ಒಂದು ಕಾರ್ಡು, ದೀಪಾವಳಿಗೆ ಒಂದು ಹಾಕಿದೆ. ನೀನು ಎರಡಕ್ಕೂ ಉತ್ತರ ಕೊಡಲಿಲ್ಲ. ಅಂಬರಾಯನನ್ನು ಕೇಳಿದರೆ, "ಮೌಲಾಲಿ ಅಂಗಡಿ ಹಿಂದ ಕುಂತು ಏನೋ ಬರೀತಾನ, ಅಳಸ್ತಾನ, ನಮ್ಮ ನಂಬರ್ ಪ್ಲೇಟಿಗಿ ಕೈ ಹಚ್ಚವಲ್ಲ" ಎಂದ. ಇದನ್ನು ಕೇಳಿ ಸಮಾಧಾನವೂ ಆಯಿತು, ಹೆದರಿಕೆಯೂ ಆಯಿತು.

ಇಲ್ಲಿಯ ಸುದ್ದಿ. ಸ್ಟುಡಿಯೋದ ಒಳಗೆ ಈಗ ಪಾಸ್‌ಪೋರ್ಟ್ ಸೈಜು ಬಿಟ್ಟರೆ ಬೇರೆ ಏನೂ ಇಲ್ಲ. ತುಳಸಿ ಲಗ್ನ ಮುಗಿದು ಮದುವೆ ಶುರುವಾದರೂ ಗೋಡೆಯ ಫೋಟೋ ಪಾಲಿಸಿ ಯಾರಿಗೂ ಬೇಕಾಗಿಲ್ಲ. ಮೊನ್ನೆ ಚಿತ್ತಾಪುರದ ಒಂದು ಮದುವೆಗೆ ಖಾಜಾನ ಲೈಟಿನವನಿಗೆ ಜ್ವರ ಬಂತು. "ಅಯ್ಯನೋರೆ, ನಾಚಿಕಿ ಬಿಟ್ ಕೇಳ್ತೀನಿ, ಇವತ್ತೊಂದ್ ದಿನ ಲೈಟ್ ಹಿಡೀತೀರೇನು? ಬೆಳಕಿನ ಅಕಲ್ ನಿಮಗಿದ್ದಂಗ ಯಾರಿಗೂ ಇಲ್ಲ" ಎಂದ. ಹಿಡಿದೆ. ಎರಡೂ ಕೈ ಎತ್ತಿ ಆ ಉರಿಯುವ ದೀಪ ಹಿಡಿದು ಅವನ ಹಿಂದೆ ಹಿಂದೆ ನಡೆದೆ. ನನ್ನಿಂದ ಫೋಟೋ ತೆಗೆಸಿಕೊಂಡವರ ಮಕ್ಕಳು ಅವರೆಲ್ಲ. ಯಾರೂ ಗುರುತಿಸಲಿಲ್ಲ. ಲೈಟಿನ ಹಿಂದೆ ನಿಂತವನ ಮುಖ ಯಾರಿಗೂ ಕಾಣುವುದಿಲ್ಲವಲ್ಲ.

ಎರಡು ದಿನ ಬಿಟ್ಟು ಬೀಗರ ಮನೆಯಲ್ಲಿ ಕ್ಯಾಸೆಟ್ ಹಾಕಿದರು. ನನ್ನನ್ನೂ ಕರೆದಿದ್ದರು, ಬಾಗಿಲ ಬಳಿ ಕುಂತು ನೋಡಿದೆ. ಮದುಮಗಳ ಮುಖ ತೆರೆಯ ತುಂಬ ಬಂತು. ಅವಳ ಗೆಳತಿ ಏನೋ ಅಂದಳು, ಇವಳಿಗೆ ನಗು ಬಂತು, ನಗುವಾಗ ಕಣ್ಣು ಪೂರ್ತಿ ಮುಚ್ಚಿದವು. ನನ್ನ ಬಾಯಿಂದ "ಫೇಲ್" ಎಂದು ಬಂದೇಬಿಟ್ಟಿತು. ಮನೆಯವರೆಲ್ಲ ತಿರುಗಿ ನೋಡಿದರು. ಅಷ್ಟರಲ್ಲಿ ಮದುಮಗಳ ಕಣ್ಣು ತೆರೆದಿತ್ತು. ಮತ್ತೆ ಮುಚ್ಚಿತು, ಮತ್ತೆ ತೆರೆಯಿತು. ವಿಡಿಯೋದಲ್ಲಿ ಯಾವ ಕಣ್ಣೂ ಫೇಲ್ ಆಗುವುದಿಲ್ಲ ಮೌಲಾಲಿ.

ಆಗ ನನಗೆ ನೆನಪಾಯಿತು. ಒಮ್ಮೆ ಸಿಟ್ಟಿಗೆದ್ದು, "ಹಣಮಂತ ದೇವರಂಗ ಕಣ್ಣು ಬಿಡು ಅಂದ್ರ ಯಾಕ್ ಮುಚ್ಚತಿ?" ಎಂದು ಶರಣಬಸಮ್ಮನನ್ನು ಕೇಳಿದ್ದೆ. ಅದಕ್ಕೆ ಅವಳು, "ನೀವ್ ಡಬ್ಬಿ ಒಳಗ ತಲಿ ಹಾಕಿ ಒಂದು ಎರಡು ಮೂರು ಅಂದ್ರ, ಕ್ವಾಣ ಬಾನಿ ನೀರಿಗಿ ಬಾಯಿ ಹಾಕಿದಂಗ ಕಾಣ್ತದ್ರಿ. ನಗಿ ತಡಿಯಲಿಕ್ ಆಗಂಗಿಲ್ಲ. ನಕ್ಕರ ನನ್ ಕಣ್ಣು ತಾವೇ ಮುಚ್ಚತಾವ" ಅಂದಿದ್ದಳು. ಆ ಹೊತ್ತಿಗೆ ನನಗೆ ಕೋಣ ಅಂದದ್ದಷ್ಟೇ ಕಿವಿಗೆ ಬಿದ್ದಿತ್ತು.

ಅಂದರೆ ಆ ಫೇಲಾದದ್ದರಲ್ಲೆಲ್ಲ ಅವಳು ನಗುತ್ತಿದ್ದಳು. ಬುಟ್ಟಿಗೆ ಹಾಕುವಾಗ ನಾನು ಕಣ್ಣು ನೋಡಿದೆ, ಬಾಯಿ ನೋಡಲಿಲ್ಲ. ಹಳೆಯ ನೆಗೆಟಿವ್ ಹುಡುಕಿದೆ. ಆ ದೊಡ್ಡ ಸೂರ್ಯಗ್ರಹಣದ ವರ್ಷ ಫೇಲಾದ ನೆಗೆಟಿವ್‌ಗಳನ್ನೆಲ್ಲ ಕ್ವಾರ್ಟರ್ಸಿನ ಮಂದಿಗೆ ಹಂಚಿದ್ದೆವು, ನೆನಪಿದೆಯಾ? ಅವರೆಲ್ಲ ಅದನ್ನು ಕಣ್ಣಿಗೆ ಹಿಡಿದು ಗ್ರಹಣ ನೋಡಿದರು. ಅವಳ ಮುಖದ ಮೂಲಕ ಅರ್ಧ ವಾಡಿ ಸೂರ್ಯನನ್ನು ನೋಡಿದೆ. ನನ್ನ ಹತ್ತಿರ ಒಂದೂ ಉಳಿದಿಲ್ಲ.

ಕೆಲಸ ಎಲ್ಲಿಗೆ ಬಂದಿದೆ, ಒಂದು ಸಾಲು ಬರಿ. ಆಗುವುದಿಲ್ಲ ಎಂದಾದರೂ ಬರಿ. ಪೋಸ್ಟ್‌ಮ್ಯಾನ್ ಈಗ ನಮ್ಮ ಅಂಗಡಿ ಬಂದ ಕೂಡಲೇ ಸೈಕಲ್ ಜೋರು ತುಳಿಯುತ್ತಾನೆ.

ಗುರುಲಿಂಗಯ್ಯ


ಚಿಂಚೋಳಿ
೧೮ ಡಿಸೆಂಬರ್ ೧೯೮೬

ಅಯ್ಯನವರಿಗೆ,

ಆಗಲಿಲ್ಲ. ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಫೋಟೋದಿಂದ ಕಾಪಿ ಮಾಡಿಸಿ ಅದರ ಮೇಲೆ ಬರೆದೆ. ಮಹಾದೇವಮ್ಮನವರ ಕಣ್ಣು ಚಲೋ ಕೂಡಿತು, ಅಳತೆ ಸರಿಯಾಯಿತು. ಆದರೆ ಕಣ್ಣು ತೆರೆದ ಕೂಡಲೇ ವೈನಿ ಹೋಗಿ ತಂಗಿ ಕುಂತಂತಾಯಿತು. ಅಳಿಸಿದೆ. ಮತ್ತೆ ಬರೆದೆ. ಆ ನೋಟದಲ್ಲಿ ಒಂದು ಪ್ರಶ್ನೆ ಇದೆ, ಅದು ಅಳಿಸಿದರೂ ಹೋಗುವುದಿಲ್ಲ. ರಶೀದಾಬೇಗಂ ನೋಡಿ, "ಇದ್ನ ಕಳಿಸಬ್ಯಾಡ್ರಿ. ಶರಣಕ್ಕ ಯಾರಿಗೂ ಹಿಂಗ ನೋಡಿದಾಕಿ ಅಲ್ಲ. ಅಯ್ಯನೋರು ದಿನಾ ಇದರ ಎದುರ ಉಣಬೇಕಲ್ಲ" ಎಂದಳು. ಬೇರೆಯವರ ಮನೆಗೆ ಇದನ್ನು ಕೊಟ್ಟುಬಿಡುತ್ತಿದ್ದೆ. ಅವರು ಅಳುತ್ತ ತೆಗೆದುಕೊಂಡು ಹೋಗುತ್ತಿದ್ದರು. ನಿಮಗೆ ಕೊಡಲು ಕೈ ಬರಲಿಲ್ಲ. ಇದನ್ನು ಬರೆಯಲೂ ಆಗದೆ ಸುಮ್ಮನಿದ್ದೆ.

ಆಮೇಲೆ ನಿಮ್ಮ ಪತ್ರ ಬಂತು. ಓದಿ ಬಣ್ಣದ ಡಬ್ಬಿಯ ತಳ ತೆಗೆದು ನೋಡಿದೆ.

ಅಂಗಡಿಯಲ್ಲಿದ್ದಾಗ ಬಣ್ಣ ಹಚ್ಚುವ ಮುಂಚೆ ಕುಂಚವನ್ನು ಯಾವುದಾದರೂ ಫೇಲಾಗಿ ಬಾದ ಆದ ಪ್ರಿಂಟಿನ ಮೇಲೆ ತಿಕ್ಕಿ ನೋಡುತ್ತಿದ್ದೆ, ಬಣ್ಣ ಹೆಚ್ಚೋ ಕಮ್ಮಿಯೋ ಎಂದು. ಆ ಪ್ರಿಂಟು ನಿಮ್ಮ ಬುಟ್ಟಿಯಿಂದಲೇ ತೆಗೆದುಕೊಳ್ಳುತ್ತಿದ್ದೆ. ಡಬ್ಬಿಯ ತಳದಲ್ಲಿ ಹಾಸಿದ್ದ ವೈನಿಯದು ಒಂದು ಉಳಿದಿತ್ತು. ಇದರ ಜೊತೆ ಇಟ್ಟಿದ್ದೇನೆ. ಮುಖದ ಮೇಲೆ ಮಾತ್ರ ಎಂದೂ ಕುಂಚ ತಿಕ್ಕಿರಲಿಲ್ಲ, ಯಾಕೆ ಅಂತ ಗೊತ್ತಿಲ್ಲ.

ಕೂರಿಸಿದ ಫೋಟೋ ಹಾಗೇ ವಾಪಸ್ ಕಳಿಸಿದ್ದೇನೆ. ಅದರಲ್ಲಿ ವೈನಿಯ ಕಣ್ಣು ಮುಚ್ಚಿಸಿದವರು ನೀವು, ನಿಮ್ಮ ಕೈಯಿಂದಲೇ. ಇದರಲ್ಲಿ ವೈನಿ ತಾವೇ ಮುಚ್ಚಿಕೊಂಡಿದ್ದಾರೆ. ಇದಕ್ಕೆ ಯಾರ ಕಣ್ಣೂ ಕಡ ತರುವುದು ಬೇಕಿಲ್ಲ.

ಮೌಲಾಲಿ


ವಾಡಿ
೫ ಜನವರಿ ೧೯೮೭

ಮೌಲಾಲಿ,

ರೇವಣಸಿದ್ದಯ್ಯ ಲಕೋಟೆ ಕೊಟ್ಟು ನಿಂತೇ ಇದ್ದ. ಅವನ ಎದುರು ಒಡೆಯಲಿಲ್ಲ. ಡಾರ್ಕ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಕೆಂಪು ಬಲ್ಬು ಹಾಕಿ ಒಡೆದೆ. ರೂಢಿ ನೋಡು, ಬೆಳಕು ತಾಕಿದರೆ ಕೆಡುತ್ತದೆಂದು.

ಸ್ಟೂಲಿನ ಮೇಲೆ ಕುಂತಿದ್ದಾಳೆ. ಒಂದು ಕೈ ಬಾಯಿಯ ಹತ್ತಿರ ಬಂದಿದೆ, ನಗು ಮುಚ್ಚಿಕೊಳ್ಳಲು ಎತ್ತಿದ್ದು, ಆದರೆ ತಡವಾಗಿದೆ. ಕಣ್ಣು ಎರಡು ಗೆರೆ. ಮಚ್ಚೆ ಅವಳ ಎಡಗೆನ್ನೆಯ ಮೇಲಿದೆ. ಇಷ್ಟು ಕಾಲವೂ ನಾನು ಅದನ್ನು ಬಲಕ್ಕೆ ಇಟ್ಟುಕೊಂಡಿದ್ದೆ. ಹೊರಗೆ ಬೆಳಕಿಗೆ ತಂದು ನೋಡಿದರೆ ಸುತ್ತ ನಿನ್ನ ಬಣ್ಣದ ಗೀರುಗಳು, ಮೂಲೆಯಲ್ಲಿ ಯಾರದೋ ರುಮಾಲಿನ ಕೆಂಪು, ಕಾಲ ಬಳಿ ಯಾವುದೋ ಮದುವೆಯ ಅರಿಶಿನ. ಭುಜದ ಮೇಲೆ ಒಂದು ಹಸಿರು ಪಟ್ಟೆ ಎಳೆದಿದ್ದೀ. ಅದು ಸ್ಟೇಷನ್ ಮಾಸ್ತರರ ಹೆಂಡತಿಯ ಇಳಕಲ್ ಸೀರೆಗೆ ಹಾಕಿದ ಹಸಿರು ಎಂದು ನನಗೆ ಗೊತ್ತು. ಅಂಥ ಸೀರೆ ಇವಳು ಒಮ್ಮೆ ಕೇಳಿದ್ದಳು.

ಕಟ್ಟು ಹಾಕಿಸಿದೆ. ಬಣ್ಣ ಒರೆಸಲಿಲ್ಲ. ಗಣಾರಾಧನೆಗೆ ಇನ್ನೂ ದಿನ ಇದೆ, ಅಲ್ಲಿಯ ತನಕ ಇರಲೆಂದು ರಸ್ತೆಯ ಕಡೆಯ ಶೋಕೇಸಿನಲ್ಲಿ ಇಟ್ಟೆ. ಖಾಜಾ ಬಂದವನು ನಿಂತು ನೋಡಿದ.

"ಅಯ್ಯನೋರೆ, ಕಣ್ಣು ಮುಚ್ಚ್ಯಾವಲ್ರಿ. ನಿಮ್ಮ ಲೆಕ್ಕದಾಗ ಇದು ಫೇಲ್ ಅಲ್ಲೇನು?"

"ಹೂಂ. ಹಿಡದವ ಫೇಲ್."

ಅವನಿಗೆ ಅರ್ಥವಾಯಿತೋ ಇಲ್ಲವೋ. ಗಾಜಿಗೆ ಮುಖ ಹತ್ತಿರ ತಂದು, "ಚಲೋ ನಗ್ತಾರ್ರಿ" ಎಂದು ಹೋದ.

ಮಹಾದೇವಮ್ಮನಿಗೆ ಇದರ ಒಂದು ಕಾಪಿ ಕೊಡಬೇಕು. ಆ ದಿನ ಬರಲು ಅವಳಿಗೆ ಕಾರ್ಡು ಹಾಕಿದ್ದೇನೆ. ನಿನಗೂ ರಶೀದಾಬೇಗಂಗೂ ಇದೇ ಕಾರ್ಡು ಅಂತ ತಿಳಿ. ಬಿಸಿನೆಸ್ ಮಾತಿಗಲ್ಲ. ಆ ಪಾಲಿಸಿ ನಡೆಯುವುದಿಲ್ಲ, ನನಗೂ ಗೊತ್ತು, ನಿನಗೂ ಗೊತ್ತು. ಚಾ ಕುಡಿಯಲು ಬಾ. ಈ ಸಲ ಸ್ಟೇಷನ್ನಿನ ಬೆಂಚಿನ ಮೇಲೆ ಕುಂತುಬಿಡಬೇಡ, ರೈಲು ಹತ್ತು.

ಸ್ಟೂಲು ಅದೇ ಜಾಗದಲ್ಲಿದೆ. ನಿನ್ನೆ ಒಂದು ರೋಲು ಮುಗಿಯಿತು, ಕೊನೆಯ ಫ್ರೇಮು ಉಳಿದಿತ್ತು. ರೂಢಿಯಂತೆ ತಲೆ ಬಗ್ಗಿಸಿ ಸ್ಟೂಲಿನ ಕಡೆ ಹಿಡಿದು ಒಂದು, ಎರಡು ಎಂದು ಎಣಿಸಿದೆ. ಮೂರು ಅನ್ನಲಿಲ್ಲ. ಹಾಗೇ ಬಿಟ್ಟಿದ್ದೇನೆ, ಫ್ರೇಮು ಕ್ಯಾಮೆರಾದಲ್ಲೇ ಇದೆ. ನೀನು ಬಂದರೆ ನನ್ನನ್ನು ಆ ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ಹಿಡಿ.

ನಿನ್ನ,
ಗುರುಲಿಂಗಯ್ಯ